ದೊಡ್ಡ ಕೇಂದ್ರ, ಮನೆಗೆ ಬಂದ ನರ್ಸ್, ಸಣ್ಣ ಕೇಂದ್ರ: ದೊಡ್ಡಮ್ಮನ ಆರೈಕೆಯಲ್ಲಿ ಕಂಡ ವ್ಯತ್ಯಾಸ

ಸ್ಟ್ರೋಕ್ ಆಗಿ ದೊಡ್ಡಮ್ಮನ ಎಡಗೈ, ಎಡಗಾಲು ಸ್ವಾಧೀನ ತಪ್ಪಿದವು. ಆಸ್ಪತ್ರೆಯಿಂದ ಬಿಟ್ಟ ಮೇಲೆ ಅವರು ಮೂರು ಥರದ ಆರೈಕೆ ನೋಡಿದ್ದಾರೆ. ಮೊದಲು ಒಂದು ದೊಡ್ಡ ಆರೈಕೆ ಕೇಂದ್ರ. ಆಮೇಲೆ ಸ್ವಲ್ಪ ಕಾಲ ಮನೆಯಲ್ಲೇ, ಏಜೆನ್ಸಿಯಿಂದ ಬಂದ ಹೋಮ್ ನರ್ಸ್ ಜೊತೆ. ಈಗ ಕೆಲವೇ ಜನರಿರುವ ಒಂದು ಸಣ್ಣ ಕೇಂದ್ರ. ಯಾವುದು ಒಳ್ಳೇದು ಅಂತ ಕೇಳುವವರಿಗೆ ನನ್ನ ಉತ್ತರ: ಸಣ್ಣದು. ಆದರೆ ಶುರುವಿನಲ್ಲೇ ಅಲ್ಲಿಗೆ ಸೇರಿಸಿದ್ದರೆ ದೊಡ್ಡಮ್ಮ ಇವತ್ತು ನಾಲ್ಕು ಕಾಲಿನ ಕೋಲು ಹಿಡಿದು ಎದ್ದು ನಿಲ್ಲುತ್ತಿದ್ದರು ಅಂತ ನನಗೆ ಅನಿಸುವುದಿಲ್ಲ. ಅದಕ್ಕೇ ಸ್ವಲ್ಪ ಬಿಡಿಸಿ ಹೇಳಬೇಕಾಗಿದೆ.

ಕಟ್ಟಡ, ಹಾಸಿಗೆ, ಹೊರಗಿನ ತೋಟ ಇವುಗಳ ಬಗ್ಗೆ ನಾನು ಜಾಸ್ತಿ ಹೇಳುವುದಿಲ್ಲ. ದೊಡ್ಡ ಕೇಂದ್ರ ಚೆನ್ನಾಗಿತ್ತು, ಸಣ್ಣದು ಸಾಧಾರಣ. ದೊಡ್ಡಮ್ಮ ಆ ತೋಟಕ್ಕೆ ಹೋದದ್ದು ನಾವು ಹೋಗಿ ವೀಲ್ ಚೇರ್ ತಳ್ಳಿದ ದಿನ ಮಾತ್ರ.

ಊಟದ ವಿಷಯಕ್ಕೆ ಬರುತ್ತೇನೆ. ವ್ಯತ್ಯಾಸ ನನಗೆ ಸರಿಯಾಗಿ ಅರ್ಥವಾದದ್ದು ಅಲ್ಲೇ.

ದೊಡ್ಡ ಕೇಂದ್ರದಲ್ಲಿ ಊಟ ಹೊತ್ತಿಗೆ ಸರಿಯಾಗಿ ಬರುತ್ತಿತ್ತು. ಡಯಟೀಷಿಯನ್ ಇದ್ದರು. ಯಾರು ಎಷ್ಟು ತಿಂದರು ಅಂತ ಬರೆಯಲು ಶೀಟ್ ಇತ್ತು. ದೊಡ್ಡಮ್ಮನ ಶೀಟಿನಲ್ಲಿ ಹೆಚ್ಚುಕಮ್ಮಿ ಪ್ರತಿ ಹೊತ್ತೂ 'ಅರ್ಧ ಊಟ' ಅಂತ ಇರುತ್ತಿತ್ತು. ಕೇಳಿದರೆ, "ಅವರಿಗೆ ಹಸಿವು ಕಮ್ಮಿ ಮೇಡಂ, ವಯಸ್ಸಾಯ್ತಲ್ವಾ" ಅನ್ನುತ್ತಿದ್ದರು.

ಸಣ್ಣ ಕೇಂದ್ರಕ್ಕೆ ಬಂದ ಹೊಸದರಲ್ಲಿ ನಾನೂ ಊಟದ ಹೊತ್ತಿಗೆ ಅಲ್ಲಿದ್ದೆ. ದೊಡ್ಡಮ್ಮ ಸಾಕು ಅಂತ ಕೈ ತೆಗೆದರು. ಅಲ್ಲಿನ ಆಯಾ ತಟ್ಟೆ ಎತ್ತಲು ಬಂದವಳು ಹಾಗೇ ನಿಂತು ನೋಡಿದಳು. ತಟ್ಟೆಯ ಬಲಗಡೆ ಪೂರ್ತಿ ಖಾಲಿ. ಎಡಗಡೆ ಬಡಿಸಿದ್ದು ಬಡಿಸಿದ ಹಾಗೇ ಇದೆ. ನಡುವೆ ಗೆರೆ ಎಳೆದಷ್ಟು ನೀಟು. ಆಕೆ ತಟ್ಟೆಯನ್ನು ಎತ್ತಲಿಲ್ಲ, ಅರ್ಧ ಸುತ್ತು ತಿರುಗಿಸಿ ಇಟ್ಟಳು. ದೊಡ್ಡಮ್ಮ ಮತ್ತೆ ತಿನ್ನಲು ಶುರು ಮಾಡಿ ಮುಗಿಸಿದರು. "ಇದನ್ನ ಇಷ್ಟು ಹೊತ್ತು ಯಾಕೆ ಬಡಿಸಲಿಲ್ಲ?" ಅಂತ ಆಕೆಯನ್ನೇ ಗದರಿದರು ಬೇರೆ.

ಮೆದುಳಿನ ಬಲಭಾಗಕ್ಕೆ ಪೆಟ್ಟಾದರೆ ಹೀಗಾಗಬಹುದು. ಕಣ್ಣಿಗೇನೂ ಆಗಿರುವುದಿಲ್ಲ. ಆದರೆ ಎಡಗಡೆ ಅಂತ ಒಂದು ಕಡೆ ಇದೆ ಅನ್ನುವುದೇ ಗಮನಕ್ಕೆ ಬರುವುದಿಲ್ಲ. ಎಡಗಡೆ ಕೂತವರನ್ನು ಮಾತಾಡಿಸುವುದಿಲ್ಲ, ತಲೆಯ ಎಡಭಾಗ ಬಾಚಿಕೊಳ್ಳುವುದಿಲ್ಲ, ಗಾಲಿ ಕುರ್ಚಿಯ ಎಡಗಡೆ ಬಾಗಿಲಿಗೆ ತಾಗಿದರೂ ತಿಳಿಯುವುದಿಲ್ಲ. ಸ್ಟ್ರೋಕ್ ನೋಡಿಕೊಳ್ಳುವವರಿಗೆಲ್ಲ ಇದು ಗೊತ್ತಿರುವ ಸಂಗತಿ.

ದೊಡ್ಡ ಕೇಂದ್ರದ ಫಿಸಿಯೋಗೂ ಗೊತ್ತಿತ್ತು. ಬೇಕಂತಲೇ ಎಡಗಡೆ ನಿಂತು ಮಾತಾಡಿಸಿ, ಅಲ್ಲೇ ಸಾಮಾನು ಇಟ್ಟು, ಆ ಕಡೆ ತಿರುಗುವ ಹಾಗೆ ಮಾಡುತ್ತಿದ್ದರು. ಆದರೆ ಫಿಸಿಯೋ ಕೋಣೆಯಲ್ಲಿ ಗೊತ್ತಿದ್ದದ್ದು ಊಟದ ಹಾಲ್‌ವರೆಗೆ ಬರಲಿಲ್ಲ. ಊಟ ಕೊಡುವವರು ಬೇರೆ, ಶೀಟ್ ತುಂಬುವವರು ಬೇರೆ, ತೂಕ ನೋಡುವವರು ಇನ್ನೊಬ್ಬರು. ಪ್ರತಿಯೊಬ್ಬರೂ ತಮ್ಮ ಪಾಲಿನ ಕೆಲಸ ಮಾಡಿದ್ದರು. ತೂಕ ಕೂಡ ತಪ್ಪದೆ ಬರೆದಿದ್ದರು. ಬೇಕಂತ ಮಾಡದೆ ಒಂದು ತಿಂಗಳಲ್ಲಿ ತೂಕದ 5 ಶೇಕಡಾ, ಅಥವಾ ಆರು ತಿಂಗಳಲ್ಲಿ 10 ಶೇಕಡಾ ಇಳಿದರೆ ಅದನ್ನು ಎಚ್ಚರಿಕೆ ಅಂತ ತಿಳಿಯಬೇಕು. 50 ಕಿಲೋ ಇದ್ದವರು ತಿಂಗಳಿಗೆ ಎರಡೂವರೆ ಕಿಲೋ ಇಳಿದರೆ ಸಾಕು. ದೊಡ್ಡಮ್ಮನ ಅಂಕಿಗಳು ಒಂದರ ಕೆಳಗೊಂದು ಇಳಿಯುತ್ತಾ ಹೋಗಿದ್ದವು. ಎಲ್ಲ ಒಂದೇ ಪುಟದಲ್ಲಿ, ನೀಲಿ ಇಂಕಿನಲ್ಲಿ. ನೋಡಿ ತಲೆ ಎತ್ತಿ ಕೇಳಿದವರಿಲ್ಲ.

ಮನೆಯಲ್ಲಿ ತೂಕ ನೋಡುವ ದಾರಿಯೇ ಇರಲಿಲ್ಲ. ನಿಲ್ಲಲಾಗದವರನ್ನು ಸಾಮಾನ್ಯ ತೂಕದ ಯಂತ್ರದ ಮೇಲೆ ಹತ್ತಿಸುವುದು ಹೇಗೆ? ಸಣ್ಣ ಕೇಂದ್ರದಲ್ಲೂ ಕುರ್ಚಿ ಇರುವ ತೂಕದ ಯಂತ್ರ ಇಲ್ಲ. ಅಲ್ಲಿನ ಸಿಸ್ಟರ್ ಚೆನ್ನಾಗಿರುವ ಕಾಲಿನ ಮೀನಖಂಡಕ್ಕೆ ಟೇಪ್ ಸುತ್ತಿ ಅಳೆಯುತ್ತಾರೆ. 31 ಸೆಂಟಿಮೀಟರಿಗಿಂತ ಕಮ್ಮಿ ಇದ್ದರೆ ಪೋಷಣೆ ಸಾಲುತ್ತಿಲ್ಲ ಅನ್ನುವುದಕ್ಕೆ ಒಂದು ಗುರುತು. ವಯಸ್ಸಾದವರ ಪೋಷಣೆ ನೋಡುವ ಎಂಎನ್‌ಎ ಪರೀಕ್ಷೆಯಲ್ಲೂ ಈ ಅಳತೆ ಇದೆ.

ನುಂಗುವ ವಿಷಯದಲ್ಲಿ ಮಾತ್ರ ದೊಡ್ಡ ಕೇಂದ್ರಕ್ಕೆ ಪೂರ್ತಿ ಅಂಕ. ಸೇರಿಸಿದ ಕೂಡಲೇ ಸ್ಪೀಚ್ ಥೆರಪಿಸ್ಟ್ ಬಂದು ನೋಡಿದರು. "ಮಾತು ಕಲಿಸುವವರಿಗೂ ಊಟಕ್ಕೂ ಏನು ಸಂಬಂಧ?" ಅಂದ ಅಣ್ಣ, ಅಂದರೆ ದೊಡ್ಡಮ್ಮನ ಮಗ. ಮಾತಿಗೂ ನುಂಗುವುದಕ್ಕೂ ಅದೇ ನಾಲಗೆ, ಅದೇ ಗಂಟಲು. ಸ್ಟ್ರೋಕ್ ಆದ ಎಷ್ಟೋ ಜನರಿಗೆ ಗಟ್ಟಿ ಊಟಕ್ಕಿಂತ ನೀರು ನುಂಗುವುದು ಕಷ್ಟ. ಶ್ವಾಸನಾಳದ ಬಾಯಿ ಮುಚ್ಚಿಕೊಳ್ಳುವ ಮೊದಲೇ ಜಾರಿ ಅದರೊಳಗೆ ಇಳಿಯುತ್ತದೆ. ಕೆಲವರಿಗೆ ಕೆಮ್ಮೂ ಬರುವುದಿಲ್ಲ. ಕುಡಿದ ಮೇಲೆ ದನಿ ಗೊರಗೊರ ಅಂದರೆ ಅದೇ ಸುಳಿವು. ಹೀಗೆ ಎದೆಗೆ ಇಳಿದದ್ದು ನ್ಯುಮೋನಿಯಾ ಆಗಬಹುದು. ಅದಕ್ಕೆ ನೀರಿಗೆ ಪುಡಿ ಬೆರೆಸಿ ಮಂದ ಮಾಡಿ ಕೊಡುತ್ತಾರೆ. ಕುಡಿಯುವುದು ಎಷ್ಟು ಮಂದ, ಊಟ ಎಷ್ಟು ಮೆತ್ತಗೆ ಅನ್ನುವುದಕ್ಕೆ 0ಯಿಂದ 7ರವರೆಗೆ ಒಂದು ಅಂತರರಾಷ್ಟ್ರೀಯ ಅಳತೆ ಇದೆ, ಐಡಿಡಿಎಸ್‌ಐ ಅಂತ. ಅದರಲ್ಲಿ ಕುಡಿಯುವುದಕ್ಕೆ 0ಯಿಂದ 4. ದೊಡ್ಡಮ್ಮನಿಗೆ 2 ಅಂತ ಬರೆದು ಮಂಚದ ಹಿಂದೆ ಅಂಟಿಸಿದ್ದರು. ಊಟ ಆದ ಮೇಲೆ ಅರ್ಧ ಗಂಟೆ ಕೂರಿಸುವುದು, ಎಡ ಕೆನ್ನೆಯೊಳಗೆ ಉಳಿದ ತುತ್ತು ತೆಗೆಸುವುದು, ಬಾಯಿ ತೊಳೆಸುವುದು ಎಲ್ಲ ಅಚ್ಚುಕಟ್ಟಾಗಿ ನಡೆಯುತ್ತಿತ್ತು. ಇವತ್ತು ಸಣ್ಣ ಕೇಂದ್ರದಲ್ಲಿ ಇದನ್ನೆಲ್ಲ ಮಾಡುತ್ತಾರೆ ಅಂದರೆ, ಅದು ದೊಡ್ಡ ಕೇಂದ್ರದವರು ಕೊಟ್ಟ ಆ ಹಾಳೆಯನ್ನು ನಾವು ಕೈಯಲ್ಲಿ ಹಿಡಿದುಕೊಂಡು ಹೋಗಿದ್ದರಿಂದ.

ಮನೆಗೆ ಬಂದ ಹೋಮ್ ನರ್ಸ್ ಮಲಗಿದಲ್ಲೇ ತಲೆ ಹಿಂದಕ್ಕೆ ವಾಲಿಸಿ ಬಾಯಿಗೆ ನೀರು ಬಿಡುತ್ತಿದ್ದಳು. ಮಾತ್ರೆಗಳನ್ನೆಲ್ಲ ಒಟ್ಟಿಗೆ ಕುಟ್ಟಿ ಪುಡಿ ಮಾಡುತ್ತಿದ್ದಳು. ನಿಧಾನವಾಗಿ ಕರಗಲಿ ಅಂತ ಮಾಡಿದ ಮಾತ್ರೆಯನ್ನು ಕುಟ್ಟಿದರೆ ಇಡೀ ದಿನದ ಔಷಧಿ ಒಮ್ಮೆಲೇ ಮೈಗೆ ಹೋಗುತ್ತದೆ. ಆ ಹುಡುಗಿಯನ್ನು ಬೈದು ಪ್ರಯೋಜನವಿಲ್ಲ. ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಏಜೆನ್ಸಿ ಕಳಿಸಿದವರಲ್ಲಿ ನಿಜವಾಗಿ ತರಬೇತಿ ಆದವರು ಒಬ್ಬರೇ, ಅವರೂ ಬೇಗ ಬಿಟ್ಟು ಹೋದರು.

ಬೆಡ್ ಸೋರ್ ಬಗ್ಗೆ ಎಲ್ಲರೂ ಹೆದರುತ್ತಾರೆ. ಹೆದರಲೂಬೇಕು. ಒಂದೇ ಕಡೆ ಭಾರ ಬಿದ್ದು ರಕ್ತ ಓಡಾಟ ನಿಂತರೆ ಕೆಲವೇ ಗಂಟೆಗಳಲ್ಲಿ ಚರ್ಮ ಕೆಡಲು ಶುರುವಾಗಬಹುದು. ಹಾಸಿಗೆ ಹಿಡಿದವರಿಗೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು ಹಳೆಯ ರೂಢಿ. ದೊಡ್ಡ ಕೇಂದ್ರದಲ್ಲಿ ಇದಕ್ಕೂ ಚಾರ್ಟ್ ಇತ್ತು. ಒಂದು ದಿನ ಮಧ್ಯಾಹ್ನ ಮೂರೂವರೆ ದಾಟಿತ್ತು. ಸುಮ್ನೆ ಕಣ್ಣಾಡಿಸಿದೆ. ನಾಲ್ಕು ಗಂಟೆಯ ಚೌಕದಲ್ಲಿ ಆಗಲೇ ಟಿಕ್ ಇತ್ತು. ಆರು ಗಂಟೆಯದರಲ್ಲೂ ಇತ್ತು. ಎರಡಕ್ಕೂ ಒಂದೇ ಕೈಯ ಸಹಿ. ದೊಡ್ಡಮ್ಮ ಮಾತ್ರ ಬೆಳಗ್ಗೆ ಅಣ್ಣ ಬಂದಾಗ ಯಾವ ಮಗ್ಗುಲಲ್ಲಿದ್ದರೋ ಅದೇ ಮಗ್ಗುಲಲ್ಲಿ.

ಆ ವಾರವೇ ಬಾಲಮೂಳೆಯ ಹತ್ತಿರ ಕೆಂಪಾಯಿತು. ಇದನ್ನು ನೋಡುವುದು ಎಲ್ಲರಿಗೂ ಗೊತ್ತಿರಬೇಕು: ಕೆಂಪಾದ ಜಾಗವನ್ನು ಬೆರಳಲ್ಲಿ ಒತ್ತಿ ಬಿಡಿ. ಬಿಳಿಚಿಕೊಂಡು ಮತ್ತೆ ಕೆಂಪಾದರೆ ಇನ್ನೂ ರಕ್ತ ಓಡಾಡುತ್ತಿದೆ. ಒತ್ತಿದರೂ ಬಣ್ಣ ಬದಲಾಗದಿದ್ದರೆ ಅದು ಮೊದಲನೇ ಹಂತದ ಬೆಡ್ ಸೋರ್. ಮೈಬಣ್ಣ ಕಪ್ಪಿದ್ದರೆ ಕೆಂಪು ಗೊತ್ತಾಗುವುದಿಲ್ಲ, ಆಗ ಮುಟ್ಟಿ ನೋಡಬೇಕು, ಸುತ್ತಲಿಗಿಂತ ಬಿಸಿಯೋ ಗಟ್ಟಿಯೋ ಇರುತ್ತದೆ. ಆ ಜಾಗವನ್ನು ಎಣ್ಣೆ ಹಚ್ಚಿ ತಿಕ್ಕಬಾರದು. ನಡುವೆ ತೂತಿರುವ ರಿಂಗ್ ದಿಂಬೂ ಬೇಡ, ಅದು ಸುತ್ತಲಿನ ರಕ್ತ ಓಡಾಟವನ್ನು ಇನ್ನೂ ಕೆಡಿಸುತ್ತದೆ. ದೊಡ್ಡ ಕೇಂದ್ರದಲ್ಲಿ ಏರ್ ಬೆಡ್ ಇದ್ದದ್ದಕ್ಕೆ ಎಲ್ಲರಿಗೂ ಒಂದು ಧೈರ್ಯ. ಏರ್ ಬೆಡ್ ಇದ್ದರೂ ಮಗ್ಗುಲು ಬದಲಿಸುವುದು ತಪ್ಪುವುದಿಲ್ಲ. ಹಿಮ್ಮಡಿಯ ಭಾರ ಅಂತೂ ಏನೇ ಹಾಸಿದರೂ ಇರುತ್ತದೆ. ಮೀನಖಂಡದ ಕೆಳಗೆ ದಿಂಬು ಕೊಟ್ಟು ಹಿಮ್ಮಡಿ ಹಾಸಿಗೆಗೆ ತಾಗದ ಹಾಗೆ ಎತ್ತಿಡಬೇಕು.

ಮನೆಯಲ್ಲಿ ಹಗಲು ಪರವಾಗಿಲ್ಲ, ರಾತ್ರಿಯೇ ಸಮಸ್ಯೆ. ಒಬ್ಬಳೇ ಹುಡುಗಿ ಇಪ್ಪತ್ತನಾಲ್ಕು ಗಂಟೆ ಇದ್ದರೆ ಅವಳೂ ಮಲಗಬೇಕಲ್ವಾ? ಅಣ್ಣ ಅತ್ತಿಗೆ ಅಲಾರಂ ಇಟ್ಟುಕೊಂಡು ಸರದಿ ಮೇಲೆ ಎದ್ದರು. ಕೆಲವು ವಾರಗಳಾದ ಮೇಲೆ ಅವರ ಮುಖ ನೋಡಿದರೆ ಯಾರು ಪೇಷಂಟ್ ಅಂತ ಕೇಳುವ ಹಾಗಿತ್ತು. ಇನ್ನೊಂದು ತೊಂದರೆ, ಎತ್ತುವ ರೀತಿ. ಸ್ವಾಧೀನವಿಲ್ಲದ ಕೈಯನ್ನು ಹಿಡಿದು ಎಳೆದರೆ, ಕಂಕುಳಲ್ಲಿ ಕೈ ಹಾಕಿ ಎತ್ತಿದರೆ, ಭುಜದ ಕೀಲು ಜಾರುತ್ತದೆ. ಹಿಡಿದಿಡಲು ಅಲ್ಲಿ ಸ್ನಾಯುಗಳಿಗೆ ಬಲವಿರುವುದಿಲ್ಲ. ದೊಡ್ಡಮ್ಮನ ಎಡಭುಜದ ನೋವು ಶುರುವಾದದ್ದು ಮನೆಯಲ್ಲೇ, ಇನ್ನೂ ಹೋಗಿಲ್ಲ. ಆದರೂ ಮನೆಯ ಪರವಾಗಿ ಒಂದು ಮಾತು ಹೇಳಲೇಬೇಕು. ಅವರಿಗೆ ಚೆನ್ನಾಗಿ ನಿದ್ದೆ ಬಂದದ್ದು ಮನೆಯಲ್ಲಿ. ಅಲ್ಲಿದ್ದಷ್ಟು ದಿನ 'ಮನೆಗೆ ಹೋಗೋಣ' ಅಂತ ಒಮ್ಮೆಯೂ ಅನ್ನಲಿಲ್ಲ.

ಸಣ್ಣ ಕೇಂದ್ರದಲ್ಲಿ ಶುರುವಿಗೆ ಚಾರ್ಟೇ ಇರಲಿಲ್ಲ. ಕೇಳಿದರೆ "ನಾವೇ ಇರ್ತೀವಲ್ಲ, ಮರೆಯೋದೇನು?" ಅಂದರು. ನನಗೆ ದಿಗಿಲಾಯಿತು. ಆದರೆ ಚರ್ಮ ನೋಡಿದರೆ ಬೇರೆಯದೇ ಕಥೆ. ಕೆಂಪು ಹೋಗಿತ್ತು, ಹಿಮ್ಮಡಿ ಮೆತ್ತಗಿತ್ತು. ಅಲ್ಲಿ ಇರುವುದು ಅದೇ ಇಬ್ಬರು ಆಯಾಗಳು, ವರ್ಷಗಳಿಂದ. ಡೈಪರ್ ಬದಲಿಸುವಾಗ, ಒರೆಸುವಾಗ, ಬಟ್ಟೆ ಹಾಕುವಾಗ ಬೆನ್ನು ನೋಡುತ್ತಾರೆ. ಅವರಲ್ಲಿ ಒಬ್ಬಳು ರಜೆ ಹಾಕಿದಾಗ ಮಾತ್ರ ಚಾರ್ಟ್ ಇಲ್ಲದ್ದರ ಬೆಲೆ ಗೊತ್ತಾಯಿತು. ಬದಲಿಗೆ ಬಂದ ಹುಡುಗಿಗೆ ಏನೂ ತಿಳಿಯದು, ನೋಡಿ ತಿಳಿಯಲು ಹಾಳೆಯೂ ಇಲ್ಲ. ದೊಡ್ಡಮ್ಮನನ್ನು ಭುಜ ನೋಯುವ ಮಗ್ಗುಲಿಗೇ ಮಲಗಿಸಿದ್ದಳು. ಈಗ ನಾವೇ ಒಂದು ನೋಟ್‌ಬುಕ್ ತಂದಿಟ್ಟಿದ್ದೇವೆ. ಬರೆಯುವುದು ಅಷ್ಟಕ್ಕಷ್ಟೇ. ಆದರೆ ಬರೆದದ್ದು ಸುಳ್ಳಲ್ಲ.

ರಾತ್ರಿಯ ವಿಷಯ. ಹಗಲು ಹೋಗಿ ನೋಡಿ ಕೇಂದ್ರ ಆರಿಸುವವರಿಗೆ ಇದು ಗೊತ್ತಾಗುವುದೇ ಇಲ್ಲ. ದೊಡ್ಡ ಕೇಂದ್ರದಲ್ಲಿ ಹಗಲು ಎಲ್ಲೆಲ್ಲೂ ಯೂನಿಫಾರ್ಮ್. ರಾತ್ರಿ ಇಡೀ ಮಹಡಿಗೆ ಒಬ್ಬ ಸಿಸ್ಟರ್, ಜೊತೆಗೆ ಒಂದಿಬ್ಬರು ಅಟೆಂಡರ್‌ಗಳು. "ನಿಮ್ಮ ದೊಡ್ಡಮ್ಮ ಬೆಲ್ ಒತ್ತೋದೇ ಇಲ್ಲ, ತುಂಬ ಒಳ್ಳೇ ಪೇಷಂಟ್" ಅಂತ ಸಿಸ್ಟರ್ ಹೊಗಳಿದರು. ಬೆಲ್ ಇದ್ದದ್ದು ಮಂಚದ ಎಡಗಡೆ ಗೋಡೆಯಲ್ಲಿ. ಎಡಗೈ ಏಳುವುದಿಲ್ಲ, ಎಡಗಡೆ ಗಮನವೇ ಹೋಗುವುದಿಲ್ಲ. ಒತ್ತುವುದು ಹೇಗೆ? ಮಂಚ ತಿರುಗಿಸಿ ಹಾಕಿ ಅಂತ ಬರೆದುಕೊಟ್ಟೆವು. ಮ್ಯಾನೇಜರ್ ಬಹಳ ವಿನಯದಿಂದ ತೆಗೆದುಕೊಂಡರು. ಫಾರ್ಮ್ ತುಂಬಿಸಿದರು, ನಂಬರ್ ಕೊಟ್ಟರು. ಮಂಚ ತಿರುಗಲಿಲ್ಲ. ಟಿಕ್ ವಿಷಯ ಹೇಳಿದ ಮೇಲೆ ಒಂದು ಬದಲಾವಣೆ ಆಯಿತು: ಟಿಕ್‌ಗಳು ಹೊತ್ತಿಗೆ ಸರಿಯಾಗಿ ಬೀಳತೊಡಗಿದವು. ಮಗ್ಗುಲು ಬದಲಾದದ್ದು ನನಗಂತೂ ಕಾಣಲಿಲ್ಲ.

ಸಣ್ಣ ಕೇಂದ್ರ ನಡೆಸುವಾಕೆಗೆ ಏನಾದರೂ ಹೇಳಿದರೆ ಮೊದಲು ಮುಖ ಊದುತ್ತದೆ. "ಇಷ್ಟು ಮಾಡಿದರೂ ಹೀಗಂತೀರಲ್ಲ" ಅನ್ನುತ್ತಾರೆ. ಸಂಜೆಯೊಳಗೆ ಕೆಲಸ ಆಗಿರುತ್ತದೆ. ಅಲ್ಲಿ ಬೆಲ್ಲೇ ಇಲ್ಲ, ಒಬ್ಬ ಆಯಾ ಅದೇ ಹಾಲ್‌ನಲ್ಲಿ ಮಲಗುತ್ತಾಳೆ. ಆಕೆಗೆ ಗಾಢ ನಿದ್ದೆ ಬಂದರೆ ಏನು ಗತಿ ಅಂತ ನನಗೆ ಈಗಲೂ ಅಳುಕಿದೆ.

ಇವೆಲ್ಲಕ್ಕಿಂತ ಹೆಚ್ಚಾಗಿ ನನ್ನ ಮನಸ್ಸನ್ನು ಕೊನೆಗೆ ಒಂದು ಕಡೆ ವಾಲಿಸಿದ್ದು ಮೂತ್ರದ ಸೋಂಕು. ಎರಡೂ ಕೇಂದ್ರದಲ್ಲಿ ಇದ್ದಾಗ ದೊಡ್ಡಮ್ಮನಿಗೆ ಅದು ಬಂತು, ಹಾಗಾಗಿ ಎದುರುಬದುರು ಇಟ್ಟು ನೋಡಲು ಸಿಕ್ಕಿತು. ವಯಸ್ಸಾದವರಲ್ಲಿ ಸೋಂಕಿಗೆ ಜ್ವರ, ಉರಿ ಬರಲೇಬೇಕು ಅಂತಿಲ್ಲ. ಇದ್ದಕ್ಕಿದ್ದ ಹಾಗೆ ಬುದ್ಧಿ ಕಲಸಿ ಹೋಗುತ್ತದೆ, ಬಡಬಡಿಸುತ್ತಾರೆ, ಇಲ್ಲವೇ ತೀರಾ ಮಂಕಾಗಿ ಮಲಗಿಬಿಡುತ್ತಾರೆ. ಡೆಲಿರಿಯಂ ಅನ್ನುತ್ತಾರೆ. ಮರೆವಿನ ಕಾಯಿಲೆ ತಿಂಗಳು, ವರ್ಷಗಳಲ್ಲಿ ಏರುತ್ತದೆ. ಇದು ಒಂದೆರಡು ದಿನದಲ್ಲಿ ಏರುತ್ತದೆ, ಕಾರಣ ಹುಡುಕಿ ಸರಿಪಡಿಸಿದರೆ ಬಹಳ ಸಲ ಇಳಿಯುತ್ತದೆ.

ದೊಡ್ಡ ಕೇಂದ್ರದಲ್ಲಿ ದೊಡ್ಡಮ್ಮ ರಾತ್ರಿ ಕೂಗಾಡಿದರು. ಶಿಫ್ಟ್ ಬದಲಾಗುವಾಗ 'ಗಲಾಟೆ' ಅಂತ ಹೇಳಿಕೊಂಡರು. ಮಂಚದ ಪಕ್ಕದ ಕಂಬಿ, ಅಂದರೆ ರೈಲ್ಸ್ ಏರಿಸಿದರು. ಡಾಕ್ಟರನ್ನು ಫೋನಿನಲ್ಲಿ ಕೇಳಿ ಶಾಂತವಾಗಿರಲು ಮಾತ್ರೆ ಕೊಟ್ಟರು. ಅಂಥ ಮಾತ್ರೆಗಳಲ್ಲಿ ಆಂಟಿಸೈಕೋಟಿಕ್ ಅನ್ನುವ ಗುಂಪಿನ ಹೊಸ ಮಾತ್ರೆಗಳು ಮರೆವಿನ ಕಾಯಿಲೆಯಿರುವ ವಯಸ್ಸಾದವರಲ್ಲಿ ಸಾವಿನ ಅಪಾಯ ಹೆಚ್ಚಿಸುತ್ತವೆ ಅಂತ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2005ರಲ್ಲೇ ಎಚ್ಚರಿಸಿದೆ. ಎಂದೂ ಕೊಡಲೇಬಾರದು ಅಂತಲ್ಲ, ಕಾರಣ ಹುಡುಕದೆ ಕೊಡಬಾರದು. ರೈಲ್ಸ್ ಕಥೆಯೂ ಅಷ್ಟೇ. ಗೊಂದಲದಲ್ಲಿರುವವರು ಅದನ್ನು ಹತ್ತಿ ದಾಟಲು ಹೋದರೆ ಇನ್ನೂ ಎತ್ತರದಿಂದ ಬೀಳುತ್ತಾರೆ. ಮಂಚ ತಗ್ಗಿಸಿ ಪಕ್ಕದಲ್ಲಿ ಹಾಸು ಹಾಕುವುದು ಮೇಲು. ಮಾತ್ರೆ ಬಿದ್ದ ಮೇಲೆ ದೊಡ್ಡಮ್ಮ ಹಗಲೆಲ್ಲ ಮಂಪರಿನಲ್ಲಿದ್ದರು. ಊಟ ಇಲ್ಲ, ನೀರು ಇಲ್ಲ, ಫಿಸಿಯೋ ಇಲ್ಲ. ಯೂರಿನ್ ಟೆಸ್ಟ್ ಆದದ್ದು ಅಣ್ಣ ಹಟ ಹಿಡಿದ ಮೇಲೆ.

ಸಣ್ಣ ಕೇಂದ್ರದಿಂದ ಬೆಳಗ್ಗೆಯೇ ಫೋನ್ ಬಂತು. ಮಾತಾಡಿದ್ದು ತಟ್ಟೆ ತಿರುಗಿಸಿದ ಅದೇ ಆಯಾ. "ಅಮ್ಮ ಇವತ್ತು ನನ್ನನ್ನ ಗದರಲಿಲ್ಲ ಅಕ್ಕ. ಏನೋ ಸರಿಯಿಲ್ಲ, ಬಂದು ನೋಡಿ." ಜ್ವರ ಇರಲಿಲ್ಲ, ಕೂಗಾಟವೂ ಇರಲಿಲ್ಲ. ಮಾತು ನಿಂತಿತ್ತು ಅಷ್ಟೇ. ಅವತ್ತೇ ಡಾಕ್ಟರ್ ನೋಡಿದರು, ಟೆಸ್ಟ್ ಆಯಿತು, ಔಷಧಿ ಶುರುವಾಯಿತು. ಆ ವಾರ ಮುಗಿಯುವಷ್ಟರಲ್ಲಿ ದೊಡ್ಡಮ್ಮ ಮತ್ತೆ ಎಲ್ಲರ ಮೇಲೂ ರೇಗುತ್ತಿದ್ದರು. ಆ ಆಯಾಗೆ ಡೆಲಿರಿಯಂ ಅನ್ನುವ ಹೆಸರೂ ಗೊತ್ತಿಲ್ಲ. ದೊಡ್ಡಮ್ಮ ನಿನ್ನೆ ಹೇಗಿದ್ದರು ಅಂತ ಗೊತ್ತಿತ್ತು. ದೊಡ್ಡ ಕೇಂದ್ರದಲ್ಲಿ ಹೆಸರು ಗೊತ್ತಿದ್ದವರು ಬಹಳ ಜನ ಇದ್ದರು, ನಿನ್ನೆ ನೋಡಿದವರು ಇವತ್ತು ಡ್ಯೂಟಿಯಲ್ಲಿ ಇರಲಿಲ್ಲ.

ನನ್ನ ಲೆಕ್ಕ ಈಗ ಹೀಗಿದೆ. ಸ್ಟ್ರೋಕ್ ಆದ ಮೊದಲ ಮೂರು ತಿಂಗಳಲ್ಲಿ ಚೇತರಿಕೆ ಎಲ್ಲಕ್ಕಿಂತ ವೇಗವಾಗಿರುತ್ತದೆ. ಆಗ ದಿನಾ ಫಿಸಿಯೋ, ಸ್ಪೀಚ್ ಥೆರಪಿ ಸಿಗುವ ಕಡೆಯೇ ಇರಬೇಕು. ಅಂಥ ಕಡೆ ಜನ ಬದಲಾಗುತ್ತಲೇ ಇರುತ್ತಾರೆ ಅಂತ ತಿಳಿದು, ಮನೆಯವರು ಯಾರಾದರೂ ಬೇರೆ ಬೇರೆ ಹೊತ್ತಿಗೆ ಹೋಗಿ ಬರುತ್ತಿರಬೇಕು. ಚೇತರಿಕೆ ನಿಧಾನವಾಗಿ, ದಿನದ ಆರೈಕೆಯೇ ಮುಖ್ಯವಾದಾಗ ಸಣ್ಣ ಕಡೆ. ಮನೆ ಅಂದರೆ ರಾತ್ರಿಗೆ ಬೇರೆ ಜನ ಇಡಲು ಆಗುವವರಿಗೆ, ನರ್ಸ್ ದಿಢೀರ್ ಅಂತ ಬಿಟ್ಟು ಹೋದರೆ ತಡೆದುಕೊಳ್ಳುವವರಿಗೆ. ಅದಿಲ್ಲದಿದ್ದರೆ ಆಸೆಗೆ ಬಿದ್ದು ಶುರು ಮಾಡಬೇಡಿ.

ಕೇಂದ್ರ ನೋಡಲು ಹೋಗುವವರು ರಜಾ ದಿನದ ಸಂಜೆ ಹೋಗಿ, ಮೊದಲೇ ಹೇಳದೆ. ಆಫೀಸಿನಲ್ಲಿ ಕೂತು ಕೇಳುವುದಕ್ಕಿಂತ ಆಯಾಗಳನ್ನು ಮಾತಾಡಿಸಿ. ಎಷ್ಟು ಕಾಲದಿಂದ ಇಲ್ಲಿದ್ದೀರಿ ಅಂತ ಕೇಳಿ. ಯಾರಾದರೂ ಒಬ್ಬ ವೃದ್ಧರನ್ನು ತೋರಿಸಿ ಇವರಿಗೆ ಏನು ಇಷ್ಟ, ಯಾವುದಕ್ಕೆ ಸಿಟ್ಟು ಬರುತ್ತೆ ಅಂತ ಕೇಳಿ. ಥಟ್ಟನೆ ಉತ್ತರ ಬಂದರೆ ಆ ಜಾಗ ಇನ್ನೊಮ್ಮೆ ನೋಡಲು ಯೋಗ್ಯ. ಉಗುರು, ಬಾಯಿ, ಹಿಮ್ಮಡಿ ಈ ಮೂರು ಕಡೆ ಕಣ್ಣು ಹಾಯಿಸಿ. ನೀರಿನ ಲೋಟ ಕೈಗೆ ಎಟುಕುವ ಕಡೆ ಇದೆಯಾ ನೋಡಿ. ವಯಸ್ಸಾದಂತೆ ಬಾಯಾರಿಕೆಯೇ ಕಮ್ಮಿಯಾಗುತ್ತದೆ, ಲೋಟ ದೂರ ಇದ್ದರೆ ಯಾರೂ ಕೇಳಿ ಕುಡಿಯುವುದಿಲ್ಲ.

ದೊಡ್ಡಮ್ಮ ಸದ್ಯಕ್ಕೆ ಸಣ್ಣ ಕೇಂದ್ರದಲ್ಲೇ ಇದ್ದಾರೆ. ಫಿಸಿಯೋ ಅಲ್ಲಿ ಇಲ್ಲ, ಹೊರಗಿನಿಂದ ಒಬ್ಬರು ಬಂದು ಹೋಗುವ ಏರ್ಪಾಡು ನಾವೇ ಮಾಡಿದ್ದೇವೆ. ಮೂಗಿನ ನಳಿಕೆಯಲ್ಲಿ ಊಟ ಕೊಡಬೇಕಾದ ಪರಿಸ್ಥಿತಿ ಬಂದರೆ ತಮ್ಮ ಕೈಲಿ ಆಗುವುದಿಲ್ಲ ಅಂತ ಅಲ್ಲಿನವರು ಮೊದಲೇ ಹೇಳಿಬಿಟ್ಟಿದ್ದಾರೆ. ಆಗ ಮತ್ತೆ ದೊಡ್ಡ ಕಡೆಗೇ ಹೋಗಬೇಕು. ಅಣ್ಣ ಈಗಲೇ ಅಂಥ ಎರಡು ಕಡೆ ವಿಚಾರಿಸಿ ಇಟ್ಟಿದ್ದಾನೆ. ಎರಡೂ ಕಡೆ ಅವನು ಮೊದಲು ಕೇಳಿದ್ದು, ಬೆಲ್ ಮಂಚದ ಯಾವ ಪಕ್ಕ ಇದೆ ಅಂತ.